ಟ್ಯಾಪೆಟ್ ಸದ್ದಿಲ್ಲದ ಬುಲೆಟ್

2013ರ ಕೊನೆಯಲ್ಲಿ ನಾನು ಕೊಂಡ 1994ರ ಬುಲೆಟ್ 350ರ ಬಗ್ಗೆ ಮಾರಿದವರು ಹೇಳಿದ ಮೊದಲ ಹೊಗಳಿಕೆ, 'ಟ್ಯಾಪೆಟ್ ಸೌಂಡೇ ಇಲ್ಲ ಸಾರ್, ನೀವೇ ಕೇಳಿ ನೋಡಿ' ಎಂಬುದಾಗಿತ್ತು. ನಾನು ಬಗ್ಗಿ ಕಿವಿಗೊಟ್ಟು ಕೇಳಿದೆ. ಸೈಲೆನ್ಸರಿನ ಗುಡುಗುಡು ಸದ್ದಿನ ನಡುವೆ ಎಂಜಿನ್ನಿನ ಬಲಬದಿಯಿಂದ ಕೇಳಿಸಬೇಕಾಗಿದ್ದ ಟಿಕ್‌ಟಿಕ್ ಸದ್ದು, ಎಂದರೆ ವಾಲ್ವ್ ತೆರೆಯುವ ಭಾಗಗಳು ಒಂದಕ್ಕೊಂದು ತಾಗುವ ಸದ್ದು, ನಿಜವಾಗಿಯೂ ಇರಲಿಲ್ಲ. ಹಳೆಯ ಬುಲೆಟ್‌ಗಳು ಹೊಲಿಗೆ ಯಂತ್ರದ ಹಾಗೆ ಕಟಕಟ ಎನ್ನುತ್ತ ಬೀದಿಯಲ್ಲಿ ಹಾದುಹೋಗುವುದನ್ನು ಕೇಳಿ ಬೆಳೆದಿದ್ದ ನನಗೆ, ಇಪ್ಪತ್ತು ವರ್ಷ ಓಡಿದ ಎಂಜಿನ್ ಇಷ್ಟು ಮೆತ್ತಗೆ ಓಡುತ್ತಿರುವುದು ಅದನ್ನು ಚೆನ್ನಾಗಿ ನೋಡಿಕೊಂಡಿರುವುದಕ್ಕೆ ಸಾಕ್ಷಿಯೆಂದೇ ಅನ್ನಿಸಿತು. ಆ ಮೌನವೇ ರೋಗದ ಲಕ್ಷಣವಾಗಿರಬಹುದು ಎಂಬುದು ಅರ್ಥವಾಗಲು ಎಂಟು ತಿಂಗಳು ಬೇಕಾಯಿತು.

ಮೊದಲ ಸುಳಿವು ಸಿಕ್ಕಿದ್ದು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ. ಮೊದಲೆಲ್ಲ ಮೂರನೆಯ ಗೇರಿನಲ್ಲಿ ಸಲೀಸಾಗಿ ಏರುತ್ತಿದ್ದ ತಿರುವುಗಳಲ್ಲಿ ಗಾಡಿ ಎರಡನೆಯ ಗೇರನ್ನು ಕೇಳತೊಡಗಿತು. ಮೇಲೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಬಂದರೆ ಬಿಸಿ ಎಂಜಿನ್ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಅರ್ಧ ಗಂಟೆ ತಣ್ಣಗಾದ ಮೇಲೆ ಎರಡನೆಯ ಕಿಕ್ಕಿಗೇ ಎದ್ದುಬಿಡುತ್ತಿತ್ತು. ಪ್ಲಗ್ ಬದಲಿಸಿದೆ, ಕಾರ್ಬುರೇಟರ್ ಬಿಚ್ಚಿ ತೊಳೆಸಿದೆ, ಪಾಯಿಂಟಿನ ಗ್ಯಾಪ್ ಸರಿಪಡಿಸಿದೆ. ಇವೆಲ್ಲ ಎಂಜಿನ್ನಿನ ಹೊರಗಿನಿಂದಲೇ ಮಾಡಬಹುದಾದ ಕೆಲಸಗಳಾಗಿದ್ದರಿಂದ ಅವುಗಳನ್ನೇ ಮೊದಲು ಮಾಡಿದೆನೆಂದು ಈಗ ಒಪ್ಪಿಕೊಳ್ಳಬೇಕು. ತೊಂದರೆ ಒಂದಿಷ್ಟೂ ಕಡಿಮೆಯಾಗಲಿಲ್ಲ.

ನನ್ನ ಅಜ್ಞಾನಕ್ಕೆ ಮೈಸೂರಿನದೇ ಒಂದು ಕಾರಣವೂ ಇತ್ತು. ನಮ್ಮ ಮನೆಯಲ್ಲಿ ಇದ್ದದ್ದು ಯೆಜ್ಡಿ. ಅದನ್ನು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಈ ಊರಿನ ಅರ್ಧಕ್ಕರ್ಧ ಮೆಕ್ಯಾನಿಕ್‌ಗಳು ಕೈ ಪಳಗಿಸಿಕೊಂಡದ್ದು ಅದೇ ಗಾಡಿಯ ಮೇಲೆ. ಯೆಜ್ಡಿ ಟೂ ಸ್ಟ್ರೋಕ್ ಎಂಜಿನ್. ಅದರ ಸಿಲಿಂಡರಿನ ಗೋಡೆಯಲ್ಲಿ ಕೊರೆದಿರುವ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಮುಚ್ಚಿ ತೆರೆದು ಮಾಡುವುದರಿಂದ, ಅಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟ್ಯಾಪೆಟ್ ಇಲ್ಲ. ಹದಿನೈದನೆಯ ವಯಸ್ಸಿಗೇ ಯೆಜ್ಡಿಯ ಹೆಡ್ಡನ್ನು, ಎಂದರೆ ಸಿಲಿಂಡರಿನ ಮೇಲಿನ ಮುಚ್ಚಳವನ್ನು, ಬಿಚ್ಚಿ ಕರಿ ಕೆರೆದು ಮತ್ತೆ ಕೂರಿಸಿದ್ದೆನೆಂಬ ಹೆಮ್ಮೆ ನನಗಿತ್ತು. ಬುಲೆಟ್ಟಿನ ಮುಂದೆ ಕೂತಾಗ ಆ ಹೆಮ್ಮೆ ಯಾವ ಕೆಲಸಕ್ಕೂ ಬರಲಿಲ್ಲ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಬಿಡಲು ಒಂದು (ಇನ್ಲೆಟ್), ಉರಿದ ಹೊಗೆಯನ್ನು ಹೊರಗೆ ಬಿಡಲು ಇನ್ನೊಂದು (ಎಕ್ಸಾಸ್ಟ್) ವಾಲ್ವ್ ಇರುತ್ತವೆ. ಪಿಸ್ಟನ್ನಿನ ಏರಿಳಿತವನ್ನು ಸುತ್ತುವಿಕೆಯಾಗಿ ಬದಲಿಸುವ ಕ್ರ್ಯಾಂಕ್ ಎರಡು ಸುತ್ತು ಸುತ್ತುವಷ್ಟರಲ್ಲಿ ಇವೆರಡೂ ಒಂದೊಂದು ಸಲ ತೆರೆದು ಮುಚ್ಚಿದರೆ ಸಾಕಾದ್ದರಿಂದ, ಅವುಗಳನ್ನು ನಡೆಸುವ ಕ್ಯಾಮ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಬುಲೆಟ್ಟಿನಲ್ಲಿ ವಾಲ್ವ್‌ಗಳಿರುವುದು ಎಂಜಿನ್ನಿನ ನೆತ್ತಿಯ ಮೇಲೆ, ಕ್ಯಾಮ್‌ಗಳಿರುವುದು ಕೆಳಗೆ ಕ್ರ್ಯಾಂಕಿನ ಪಕ್ಕದಲ್ಲಿ. ಈ ದೂರವನ್ನು ದಾಟಿಸಲು ಒಂದು ಸಾಲು ಭಾಗಗಳಿವೆ. ಮೊಟ್ಟೆಯಾಕಾರದ ಕ್ಯಾಮಿನ ಮೂತಿ ತಿರುಗಿ ಬಂದಾಗ ಅದರ ಮೇಲೆ ಕೂತಿರುವ ಟ್ಯಾಪೆಟ್ ಮೇಲಕ್ಕೆದ್ದು, ತನ್ನ ಮೇಲಿನ ಪುಶ್ ರಾಡನ್ನು ಎತ್ತುತ್ತದೆ. ಪುಶ್ ರಾಡ್ ಸಿಲಿಂಡರಿನ ಪಕ್ಕದ ಸುರಂಗದೊಳಗಿಂದ ಹಾದು ಹೆಡ್ಡಿನಲ್ಲಿರುವ ರಾಕರಿನ ಒಂದು ತುದಿಯನ್ನು ತಳ್ಳುತ್ತದೆ. ರಾಕರ್ ಬಾವಿಯ ಏತದ ಹಾಗೆ ನಡುವಿನಲ್ಲಿ ಆತು ನಿಂತಿರುವುದರಿಂದ ಅದರ ಇನ್ನೊಂದು ತುದಿ ಕೆಳಗಿಳಿದು, ಒಂದರೊಳಗೊಂದು ಕೂತ ಎರಡು ಸ್ಪ್ರಿಂಗುಗಳ ಬಿಗಿಯನ್ನು ಮೀರಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಕ್ಯಾಮಿನ ಮೂತಿ ದಾಟಿದೊಡನೆ ಅದೇ ಸ್ಪ್ರಿಂಗುಗಳು ವಾಲ್ವನ್ನು ಎಳೆದು, ಮುಚ್ಚಿದಾಗ ಅದು ಆತು ಕೂರುವ ಬಳೆಯಂಥ ಸೀಟಿನ ಮೇಲೆ ಕೂರಿಸುತ್ತವೆ. ಗ್ಯಾರೇಜಿನಲ್ಲಿ ಟ್ಯಾಪೆಟ್ ಎಂಬ ಮಾತನ್ನು ಈ ಇಡೀ ಸಾಲಿಗೂ, ಅದರ ಸಂದನ್ನು ಹೊಂದಿಸುವ ಕೆಲಸಕ್ಕೂ, ಅದರಿಂದ ಬರುವ ಸದ್ದಿಗೂ ಬಳಸುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ. ನಾನು ಇಲ್ಲಿ ಟ್ಯಾಪೆಟ್ ಎನ್ನುವುದು ಕ್ಯಾಮಿನ ಮೇಲೆ ನೇರವಾಗಿ ಕೂರುವ ಆ ಒಂದು ಉಕ್ಕಿನ ತುಂಡಿಗೆ ಮಾತ್ರ.

ವಾಲ್ವ್ ಮುಚ್ಚಿದ್ದಾಗ ಈ ಸಾಲಿನ ಭಾಗಗಳ ನಡುವೆ ಎಷ್ಟು ಸಂದು ಇರಬೇಕು ಎಂಬುದೇ ನನ್ನ ಕಥೆಯ ತಿರುಳು. ಸಂದು ಹೆಚ್ಚಾದರೆ ಒಂದು ಭಾಗ ಇನ್ನೊಂದಕ್ಕೆ ಬಡಿದು ಸದ್ದಾಗುತ್ತದೆ, ವಾಲ್ವ್ ತಡವಾಗಿ ಮತ್ತು ಕಡಿಮೆಯಾಗಿ ತೆರೆಯುತ್ತದೆ. ಭಾಗಗಳು ಒಂದನ್ನೊಂದು ಒತ್ತುವಷ್ಟು ಬಿಗಿಯಾಗಿಬಿಟ್ಟರೆ ಸದ್ದು ನಿಲ್ಲುತ್ತದೆ, ಆದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತಿರುತ್ತದೆ; ಎಕ್ಸಾಸ್ಟ್ ವಾಲ್ವಿನ ತಲೆಗೆ ತಗುಲುವ ಬೆಂಕಿಯ ಶಾಖ ಇಳಿದುಹೋಗುವುದು ಹೆಚ್ಚಾಗಿ ಅದು ಸೀಟಿಗೆ ತಾಗಿ ಕೂತಿರುವ ಆ ಗಳಿಗೆಗಳಲ್ಲಿಯೇ. ಕೂರಲು ಬಿಡದಿದ್ದರೆ ಅದು ಅಂಚಿನಿಂದ ಸುಡತೊಡಗುತ್ತದೆ. ಇದಿಷ್ಟೂ ನನಗೆ ಆಮೇಲೆ ತಿಳಿದದ್ದು.

2014ರ ಆಗಸ್ಟ್ ತಿಂಗಳ ಒಂದು ಭಾನುವಾರ ನಾನೇ ಟ್ಯಾಪೆಟ್ ಕವರ್ ಬಿಚ್ಚಿದೆ. ಸಿಲಿಂಡರಿನ ಬುಡದಲ್ಲಿ ಬಲಬದಿಗೆ ಒಂದೇ ನಟ್ಟಿನಿಂದ ಹಿಡಿದಿರುವ ಸಣ್ಣ ಮುಚ್ಚಳ ಅದು. ಒಳಗೆ ಎರಡು ಪುಶ್ ರಾಡ್‌ಗಳ ಕೆಳತುದಿಗಳು ಕಾಣುತ್ತವೆ: ಮುಂದಿನದು ಎಕ್ಸಾಸ್ಟಿನದು, ಹಿಂದಿನದು ಇನ್ಲೆಟ್ಟಿನದು. ಪಿಸ್ಟನ್ ಮೇಲಿನ ತುದಿಯಲ್ಲಿದ್ದಾಗ ನೋಡಬೇಕು, ಪುಶ್ ರಾಡ್ ಬೆರಳಿನಲ್ಲಿ ಹಗುರವಾಗಿ ತಿರುಗಬೇಕು ಎಂದು ಕೇಳಿದ್ದೆ. ಪ್ಲಗ್ ಬಿಚ್ಚಿ, ತೂತಿನೊಳಗೆ ಉದ್ದನೆಯ ಸೈಕಲ್ ಸ್ಪೋಕ್ ಇಳಿಬಿಟ್ಟು, ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಾಲ್ಕನೆಯ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸಿ ಪಿಸ್ಟನ್ನನ್ನು ಮೇಲಕ್ಕೆ ತಂದೆ. ಎರಡೂ ಪುಶ್ ರಾಡ್‌ಗಳು ಕಲ್ಲಿನಂತೆ ಬಿಗಿದು ನಿಂತಿದ್ದವು. ಓಹೋ, ಬಿಗಿಯಾಗಿರುವುದೇ ತೊಂದರೆ ಎಂದುಕೊಂಡು, ಬೆರಳಿನಲ್ಲಿ ತಿರುಗುವವರೆಗೂ ಎರಡನ್ನೂ ಸಡಿಲಿಸಿದೆ. ಮುಚ್ಚಳ ಹಾಕಿ ಕಿಕ್ ಹೊಡೆದೆ. ಅಕ್ಕಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಂಥ ಸದ್ದು ಬಂತು. ತಗಡಿನ ಡಬ್ಬಿಗೆ ಕಲ್ಲು ತುಂಬಿ ಅಲುಗಾಡಿಸಿದಂತಿತ್ತು.

ಆ ಸ್ಥಿತಿಯಲ್ಲಿಯೇ ಗಾಡಿಯನ್ನು ಮಂಡಿ ಮೊಹಲ್ಲಾದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಓಡಿಸಿಕೊಂಡು ಹೋದೆ. ಹುಡುಗರೂ ಗಿರಾಕಿಗಳೂ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. ನಾನು ಮಾಡಿದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ಅವರು ಬೀಡಿ ಸೇದುತ್ತ ಕೂತಿದ್ದರು.

'ಪಿಸ್ಟನ್ ಮೇಲಕ್ಕೆ ಎರಡ್ ಸಲ ಬರ್ತದೆ ಸಾರ್, ನೀವು ಯಾವ್ ಸಲದ್ದು ನೋಡಿದ್ರಿ?' ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಪ್ಲಗ್ ಬಿಚ್ಚಿ, ನನ್ನ ಹೆಬ್ಬೆರಳನ್ನು ತೂತಿನ ಮೇಲೆ ಇರಿಸಿ ಚಕ್ರ ತಿರುಗಿಸಿದರು. ಒಂದು ಸಲ ಪಿಸ್ಟನ್ ಮೇಲೆ ಬರುವಾಗ ಬೆರಳಿಗೆ ಏನೂ ತಿಳಿಯಲಿಲ್ಲ. ಮತ್ತೊಂದು ಸಲ ಗಾಳಿ ಬೆರಳನ್ನು ತಳ್ಳಿತು, ಆದರೆ ನಾನು ಎಣಿಸಿದಷ್ಟು ಜೋರಾಗಿ ತಳ್ಳಲಿಲ್ಲ. ಗಾಳಿ ತಳ್ಳುವ ಆ ಸುತ್ತಿನಲ್ಲಿ ಮಾತ್ರ ಎರಡೂ ವಾಲ್ವ್‌ಗಳು ಮುಚ್ಚಿರುತ್ತವೆ. ಇನ್ನೊಂದು ಸುತ್ತಿನಲ್ಲಿ, ಹೊಗೆ ಹೊರಗೆ ಹೋಗಿ ಹೊಸ ಮಿಶ್ರಣ ಒಳಗೆ ಬರುವ ಸಂಧಿಕಾಲದಲ್ಲಿ, ಎಕ್ಸಾಸ್ಟ್ ಇನ್ನೂ ಮುಚ್ಚಿಕೊಳ್ಳುತ್ತಿರುತ್ತದೆ, ಇನ್ಲೆಟ್ ಆಗಲೇ ತೆರೆಯತೊಡಗಿರುತ್ತದೆ. ನಾನು ಪುಶ್ ರಾಡ್‌ಗಳನ್ನು ಹಿಡಿದು ನೋಡಿದ್ದು ಈ ಸುತ್ತಿನಲ್ಲಿ. ಆಗ ಅವುಗಳ ಮೇಲೆ ಸ್ಪ್ರಿಂಗಿನ ಭಾರವೆಲ್ಲ ಬಿದ್ದಿತ್ತು. ಬಿಗಿಯಾಗಿರಲೇಬೇಕಾಗಿದ್ದ ಅವುಗಳನ್ನು ನಾನು ಬಿಡಿಬಿಡಿಯಾಗಿ ಮಾಡಿದ್ದೆ. ಗಾಡಿ ನನ್ನ ಕೈಗೆ ಬಂದಾಗ ಸಂದು ನಿಜಕ್ಕೂ ಎಷ್ಟಿತ್ತೆಂಬುದನ್ನು ತಿಳಿಯುವ ಅವಕಾಶವೂ ಅದರೊಂದಿಗೇ ಹೋಯಿತು.

ಚಾಚಾ ಮಾಡಿದ ಕ್ರಮವನ್ನು ನಾನು ಅಲ್ಲಿಯೇ ಬರೆದುಕೊಂಡೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಅವರು ನನ್ನನ್ನು ಮರುದಿನ ಬೆಳಿಗ್ಗೆ ಬರಹೇಳಿದ್ದೂ ಅದಕ್ಕಾಗಿಯೇ. ಪುಶ್ ರಾಡಿನ ಕೆಳತುದಿಯಲ್ಲಿ ಒಂದರ ಮೇಲೊಂದರಂತೆ ಮೂರು ಷಟ್ಕೋನಗಳಿವೆ. ನಡುವಿನದು ಲಾಕ್ ನಟ್. ಮೂರಕ್ಕೂ ತೆಳ್ಳನೆಯ ಸ್ಪ್ಯಾನರುಗಳೇ ಬೇಕು, ಸಾಮಾನ್ಯ ಸ್ಪ್ಯಾನರ್ ಆ ಇಕ್ಕಟ್ಟಿನಲ್ಲಿ ಕೂರುವುದಿಲ್ಲ. ಲಾಕ್ ನಟ್ ಸಡಿಲಿಸಿ, ಪುಶ್ ರಾಡ್ ಎರಡು ಬೆರಳುಗಳ ನಡುವೆ ತಡೆಯಿಲ್ಲದೆ ತಿರುಗುವ, ಆದರೆ ಮೇಲೆ ಕೆಳಗೆ ಎಳೆದರೆ ಅಲುಗಾಡದ ಹದಕ್ಕೆ ತಂದು, ಮತ್ತೆ ಲಾಕ್ ನಟ್ ಬಿಗಿಯಬೇಕು. ಬಿಗಿಯುವಾಗ ಹದ ಕೆಡುವುದು ಸಾಮಾನ್ಯವಾದ್ದರಿಂದ ಇನ್ನೊಮ್ಮೆ ತಿರುಗಿಸಿ ನೋಡಬೇಕು. ಅವರಿಗೇ ಮೂರು ಸಲ ಮಾಡಬೇಕಾಯಿತು. ಬೇರೆ ಎಷ್ಟೋ ಎಂಜಿನ್ನುಗಳಲ್ಲಿ ಫೀಲರ್ ಗೇಜ್ ಎಂಬ ತೆಳ್ಳನೆಯ ಪಟ್ಟಿ ತೂರಿಸಿ ಇಂತಿಷ್ಟು ಮಿಲಿಮೀಟರ್ ಎಂದು ಅಳೆಯುವ ಸಂದನ್ನು ಇಲ್ಲಿ ಸೊನ್ನೆಗೆ ಇಡುವುದಕ್ಕೆ ಪುಶ್ ರಾಡಿನ ಲೋಹ ಕಾರಣ. ಎಂಜಿನ್ ಬಿಸಿಯಾದಂತೆ ಸಿಲಿಂಡರ್ ಉದ್ದವಾಗಿ ರಾಕರನ್ನು ಟ್ಯಾಪೆಟ್ಟಿನಿಂದ ದೂರ ಒಯ್ಯುತ್ತದೆ. ಪುಶ್ ರಾಡ್ ಉಕ್ಕಿನದಾಗಿದ್ದರೆ ಸಂದು ಬೆಳೆಯುತ್ತಿತ್ತು. ಅದನ್ನು ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುವ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿರುವುದರಿಂದ ಅದೂ ಜೊತೆಜೊತೆಗೆ ಉದ್ದವಾಗುತ್ತದೆ. ಬೆರಳಿನ ಅಂದಾಜನ್ನು ನಂಬಿ ಮಾಡುವ ಕೆಲಸದ ಹಿಂದೆ ಇಷ್ಟು ಲೆಕ್ಕಾಚಾರ ಅಡಗಿದೆ ಎಂಬುದು ನನಗೆ ಬಹಳ ಹಿಡಿಸಿತು.

ಸದ್ದು ಇಳಿಯಿತು. ಮನೆಗೆ ಬಂದೆ. ನಂಜನಗೂಡಿಗೆ ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ, ಎಂದರೆ ಸುಮಾರು 200 ಕಿಲೋಮೀಟರಿಗೆ, ಮತ್ತೆ ಕಟಕಟ ಶುರುವಾಯಿತು. ಈ ಸಲ ನಾನೇ ಬಿಚ್ಚಿ ನೋಡಿದೆ. ಇನ್ಲೆಟ್ ಇಟ್ಟ ಹದದಲ್ಲಿಯೇ ಇತ್ತು, ಎಕ್ಸಾಸ್ಟ್ ಸಡಿಲವಾಗಿತ್ತು. ಲಾಕ್ ನಟ್ ಬಿಗಿಯಾಗಿಯೇ ಇತ್ತು. ಹೊಂದಿಸಿದೆ. ಇನ್ನೂ ನೂರೈವತ್ತು ಕಿಲೋಮೀಟರಿಗೆ ಅದೇ ಕಥೆ. ಮತ್ತೆ ಚಾಚಾರ ಬಳಿ ಹೋದಾಗ ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. 'ನಟ್ ಟೈಟಾಗೈತೆ, ಆದ್ರೂ ಗ್ಯಾಪ್ ಬರ್ತಿದೆ ಅಂದ್ರೆ ಒಳಗೆ ಕಬ್ಬಿಣ ಕರಗ್ತಿದೆ ಅಂತ ಅರ್ಥ ಸಾರ್. ಅಡ್ಜಸ್ಟ್ ಮಾಡಿ ಮಾಡಿ ಎಲ್ಲಿಗೆ ಹೋಗ್ತೀರಿ?' ಎಂದು ಹೇಳಿ, ಆಯಿಲ್ ಇಳಿಸಲು ಹುಡುಗನಿಗೆ ಸನ್ನೆ ಮಾಡಿದರು. ಬಾಣಲೆಗೆ ಬಿದ್ದ ಕಪ್ಪು ಆಯಿಲನ್ನು ಬಿಸಿಲಿಗೆ ಓರೆ ಮಾಡಿ ಹಿಡಿದಾಗ ಅದರಲ್ಲಿ ಬೆಳ್ಳಿಯ ಹುಡಿಯಂಥದ್ದು ಮಿನುಗಿತು. ತಳದಲ್ಲಿ ಬೆರಳಿಗೆ ಸಿಕ್ಕ ಒಂದೆರಡು ಚೂರುಗಳು ಅಯಸ್ಕಾಂತಕ್ಕೆ ಅಂಟಿಕೊಂಡವು. ಅಂದರೆ ಅವು ಅಲ್ಯೂಮಿನಿಯಂ ಪಿಸ್ಟನ್ನಿನ ಚೂರುಗಳಲ್ಲ, ಉಕ್ಕು.

ಕ್ಯಾಮ್ ಚಕ್ರಗಳನ್ನು ಮುಚ್ಚಿರುವ ಟೈಮಿಂಗ್ ಕವರ್ ತೆಗೆದ ದಿನ ಅರ್ಧ ದಿನ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದೆ. ಕವರ್ ಹೊರಬಂದಾಗ ಕಾಣುವ ನೋಟ ಗಡಿಯಾರದ ಹೊಟ್ಟೆಯನ್ನು ನೆನಪಿಸುವಂಥದ್ದು: ಕ್ರ್ಯಾಂಕಿನ ತುದಿಯಲ್ಲಿ ಸಣ್ಣ ಪಿನಿಯನ್, ಅದರಾಚೆ ಅದಕ್ಕಿಂತ ಎರಡರಷ್ಟು ಹಲ್ಲುಗಳಿರುವ ಎರಡು ಕ್ಯಾಮ್ ಚಕ್ರಗಳು, ಆಯಿಲ್ ಪಂಪನ್ನು ತಿರುಗಿಸುವ ತಿರುಪಿನ ಗೇರು. ಆ ತಿರುಪಿನ ಗೇರಿಗೆ ಎಡ ಮರೆಯಿದೆ (ಬಿಚ್ಚಲು ಬಲಕ್ಕೆ ತಿರುಗಿಸಬೇಕು), ತಿಳಿಯದೆ ಬಲವಂತ ಮಾಡಿದರೆ ಮುರಿಯುತ್ತದೆ ಎಂದು ಚಾಚಾ ಹುಡುಗನಿಗೆ ಎಚ್ಚರಿಸಿದರು. ಬುಲೆಟ್ಟಿನಲ್ಲಿ ಕಾರುಗಳಲ್ಲಿರುವಂತೆ ಉದ್ದನೆಯ ಒಂದು ಕ್ಯಾಮ್‌ಶಾಫ್ಟ್ ಇಲ್ಲ. ಇನ್ಲೆಟ್ಟಿಗೊಂದು, ಎಕ್ಸಾಸ್ಟಿಗೊಂದು ಬೇರೆ ಬೇರೆ ಕ್ಯಾಮ್ ಚಕ್ರಗಳು ತಮ್ಮ ತಮ್ಮ ಗೂಟದ ಮೇಲೆ ತಿರುಗುತ್ತವೆ. ಇನ್ಲೆಟ್ ಕ್ಯಾಮಿನ ಮೈ ಕನ್ನಡಿಯಂತೆ ನುಣುಪಾಗಿತ್ತು. ಎಕ್ಸಾಸ್ಟ್ ಕ್ಯಾಮಿನ ಮೂತಿ ಚಪ್ಪಟೆಯಾಗಿ, ಅದರ ಮೇಲೆ ಉಗುರು ಸಿಕ್ಕಿಕೊಳ್ಳುವಂಥ ಗೀರುಗಳು ಬಿದ್ದಿದ್ದವು. ಹೊಸ ಕ್ಯಾಮಿನ ಪಕ್ಕದಲ್ಲಿಟ್ಟು ವರ್ನಿಯರಿನಿಂದ ಅಳೆದಾಗ ಸುಮಾರು ಒಂದು ಮಿಲಿಮೀಟರ್ ಸವೆದಿತ್ತು. ಎಕ್ಸಾಸ್ಟ್ ಟ್ಯಾಪೆಟ್ಟಿನ ಪಾದ ಇನ್ನೂ ಕೆಟ್ಟಿತ್ತು. ಅಂಚಿನ ಒಂದು ಪದರ ಕಿತ್ತು ಹೋಗಿ, ಹಪ್ಪಳದ ತುಂಡು ಮುರಿದಂತೆ ಕಾಣುತ್ತಿತ್ತು.

ಎರಡು ಕ್ಯಾಮ್‌ಗಳಲ್ಲಿ ಎಕ್ಸಾಸ್ಟಿನದೇ ಏಕೆ ಹೀಗಾಯಿತು ಎಂದು ಕೇಳಿದೆ. ಇನ್ಲೆಟ್ ವಾಲ್ವ್ ತೆರೆಯುವಾಗ ಅದರ ವಿರುದ್ಧವಿರುವುದು ಸ್ಪ್ರಿಂಗಿನ ಬಲ ಮಾತ್ರ. ಎಕ್ಸಾಸ್ಟ್ ವಾಲ್ವ್ ತೆರೆಯುವುದು ಉರಿದ ಅನಿಲದ ಒತ್ತಡ ಸಿಲಿಂಡರಿನೊಳಗೆ ಇನ್ನೂ ಉಳಿದಿರುವಾಗ. ಸ್ಪ್ರಿಂಗಿನ ಜೊತೆಗೆ ಆ ಒತ್ತಡವನ್ನೂ ಅದು ಮೀರಬೇಕು. ಆ ಹೊರೆಯೆಲ್ಲ ಬಂದು ಬೀಳುವುದು ಕ್ಯಾಮಿನ ಮೂತಿಗೂ ಟ್ಯಾಪೆಟ್ಟಿನ ಪಾದಕ್ಕೂ ನಡುವಿನ ಕೂದಲೆಳೆಯಷ್ಟು ಅಗಲದ ಗೆರೆಯ ಮೇಲೆ. ಈ ಗೆರೆಯನ್ನು ಕಾಪಾಡುವುದು ಎರಡು ಸಂಗತಿಗಳು: ಲೋಹದ ಮೇಲ್ಮೈಗೆ ಕೊಟ್ಟಿರುವ ಗಡಸುತನ, ಮತ್ತು ಆಯಿಲಿನ ತೆಳ್ಳನೆಯ ಪದರ. ಗಡಸು ಪದರ ಒಮ್ಮೆ ಬಿರಿದರೆ ಕೆಳಗಿನ ಮೃದು ಲೋಹ ಬೇಗ ಬೇಗ ತೇಯುತ್ತದೆ. ನನ್ನ ಗಾಡಿಯಲ್ಲಿ 200 ಕಿಲೋಮೀಟರಿಗೇ ಸಂದು ಹೆಚ್ಚುತ್ತಿದ್ದದ್ದು ಇದರಿಂದ. ಇನ್ನು ಆಯಿಲಿನ ವಿಷಯದಲ್ಲಿ ನನ್ನದೂ ಒಂದು ಪಾಲು ತಪ್ಪಿತ್ತು. ಬುಲೆಟ್ಟಿಗೆ ಹೇಳಿರುವುದು 20ಡಬ್ಲ್ಯೂ-50 ಎಂಬ ಮಂದನೆಯ ಆಯಿಲ್. ಬೆಲೆ ಹೆಚ್ಚಾದದ್ದು ಉತ್ತಮವಾಗಿರುತ್ತದೆಂಬ ಎಣಿಕೆಯಲ್ಲಿ ನಾನು ಹೊಸ ಕಾರುಗಳಿಗೆಂದು ಮಾರುವ ತೆಳ್ಳನೆಯ ಆಯಿಲ್ ತಂದು ಸುರಿದಿದ್ದೆ. ಕ್ಯಾಮ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಉಜ್ಜುವ ಜಾಗವನ್ನು ರಕ್ಷಿಸುವ ಸತು ಮತ್ತು ರಂಜಕದ ಸಂಯುಕ್ತವನ್ನು, ಕಾರಿನ ಸೈಲೆನ್ಸರ್ ಸಾಲಿನಲ್ಲಿರುವ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲೆಂದು, ಅಂಥ ಆಯಿಲುಗಳಲ್ಲಿ ಕಡಿಮೆ ಮಾಡಿರುತ್ತಾರೆ. ಎಂಟು ತಿಂಗಳಲ್ಲಿ ಟ್ಯಾಪೆಟ್ ಹಾಳಾಗಲು ಅದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ಆಗಲೇ ಬಿರುಕುಬಿಟ್ಟಿದ್ದ ಪಾದಕ್ಕೆ ಅದು ಉಪಕಾರವನ್ನಂತೂ ಮಾಡಲಿಲ್ಲ.

ಇಲ್ಲಿಗೆ ನಿಲ್ಲಿಸೋಣವೆಂದು ನನ್ನ ಮನಸ್ಸಿನಲ್ಲಿತ್ತು, ಖರ್ಚು ಬೆಳೆಯುತ್ತಿತ್ತು. ಚಾಚಾ ಮಾತ್ರ, ಹೆಬ್ಬೆರಳಿಗೆ ತಾಗಿದ ಗಾಳಿಯ ಒತ್ತಡ ಕಡಿಮೆಯಿತ್ತೆಂಬುದನ್ನು ಮರೆತಿರಲಿಲ್ಲ. ಹೆಡ್ಡಿಗೆ ಆಯಿಲ್ ಒಯ್ಯುವ ಹೊರಗಿನ ಪೈಪನ್ನು ಕಳಚಿ, ರಾಕರ್‌ಗಳನ್ನು ತೆಗೆದು, ಹೆಡ್ ಎತ್ತಿ ಮೇಜಿನ ಮೇಲೆ ಬೋರಲು ಹಾಕಿ, ಎಕ್ಸಾಸ್ಟ್ ಕಿಂಡಿಯೊಳಗೆ ಸೀಮೆಎಣ್ಣೆ ಸುರಿದರು. ವಾಲ್ವ್ ಸರಿಯಾಗಿ ಕೂತಿದ್ದರೆ ಎಣ್ಣೆ ಅಲ್ಲಿಯೇ ನಿಲ್ಲಬೇಕು. ನಾನು ಹತ್ತು ಎಣಿಸುವಷ್ಟರಲ್ಲಿ ಅದು ವಾಲ್ವಿನ ಸುತ್ತಲಿಂದ ಒಸರಿ ಒಳಗೆ ಹನಿಯಿತು. ಸ್ಪ್ರಿಂಗ್ ಒತ್ತಿ, ಲಾಕ್‌ಗಳನ್ನು ತೆಗೆದು ವಾಲ್ವನ್ನು ಹೊರಗೆಳೆದಾಗ, ಅದರ ಅಂಚಿನ ಒಂದು ಕಡೆ ಬೆರಳಗಲದಷ್ಟು ಜಾಗ ಸುಟ್ಟು ಕಚ್ಚಾಗಿತ್ತು. ನನ್ನ ಗಾಡಿಯ ಮೌನದ ಅರ್ಥ ಆಗ ತಿಳಿಯಿತು. ಟ್ಯಾಪೆಟ್ ಸವೆದು ಸದ್ದು ಮಾಡತೊಡಗಿದ ಯಾವುದೋ ಕಾಲದಲ್ಲಿ, ಯಾವುದೋ ಕೈ, ಪುಶ್ ರಾಡನ್ನು ಹದ ಮೀರಿ ಬಿಗಿದು ಸದ್ದು ಅಡಗಿಸಿತ್ತು. ತಣ್ಣಗಿದ್ದಾಗ ಹೇಗೋ ಮುಚ್ಚಿಕೊಳ್ಳುತ್ತಿದ್ದ ವಾಲ್ವ್, ಬಿಸಿಯಾಗಿ ಅದರ ಕಡ್ಡಿ ಉದ್ದವಾದೊಡನೆ ಸೀಟಿಗೆ ತಾಗದೆಯೇ ನಿಲ್ಲುತ್ತಿತ್ತು. ಬೆಟ್ಟದ ಮೇಲೆ ಬಿಸಿ ಎಂಜಿನ್ ಏಳದಿದ್ದದ್ದು, ತಣ್ಣಗಾದರೆ ಏಳುತ್ತಿದ್ದದ್ದು ಅದರಿಂದಲೇ. ಮಾರುವ ದಿನಕ್ಕೆ ಮಾತ್ರ ಗಾಡಿ ಮೆತ್ತಗೆ ಓಡಿದ್ದರೆ ಸಾಕಾಗಿತ್ತು.

ಹೊಸ ವಾಲ್ವ್ ತಂದು, ಸೀಟನ್ನು 45 ಡಿಗ್ರಿಗೆ ಕಟ್ ಮಾಡಿಸಿದ ಮೇಲೆ ಉಜ್ಜಿ ಕೂರಿಸುವ ಕೆಲಸವನ್ನು ನಾನೇ ಕೇಳಿ ಪಡೆದೆ. ಕೋಲಿನ ತುದಿಯ ರಬ್ಬರ್ ಬಟ್ಟಲನ್ನು ವಾಲ್ವಿನ ತಲೆಗೆ ಕಚ್ಚಿಸಿ, ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ಕೋಲನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವಂತೆ ಅತ್ತ ಇತ್ತ ತಿರುಗಿಸಬೇಕು. ನಾಲ್ಕಾರು ಸಲ ತಿರುಗಿಸಿ ಒಮ್ಮೆ ಎತ್ತಿ, ಸ್ವಲ್ಪ ಜಾಗ ಬದಲಿಸಿ ಮತ್ತೆ ಇಡಬೇಕು. ಇಲ್ಲದಿದ್ದರೆ ಪೇಸ್ಟ್ ಒಂದೇ ಕಡೆ ಗೆರೆ ಕೊರೆಯುತ್ತದೆ. ಮೊದಲು ಒರಟು ಪೇಸ್ಟ್, ಆಮೇಲೆ ನುಣ್ಣನೆಯದು. ಕರಕರ ಎನ್ನುವ ಸದ್ದು ಇಳಿದು ಕೈಗೆ ಬೆಣ್ಣೆ ಸವರಿದಂತೆ ಆದಾಗ ಒರೆಸಿ ನೋಡಿದರೆ, ಅಂಚಿನ ಸುತ್ತ ಎಲ್ಲಿಯೂ ಕಡಿಯದ ಬೂದುಬಣ್ಣದ ಪಟ್ಟಿ ಕಾಣಬೇಕು. ನನ್ನದಕ್ಕೆ ಒಂದೂವರೆ ಗಂಟೆ ಹಿಡಿಯಿತು, ಎರಡೂ ಅಂಗೈಗಳಲ್ಲಿ ಬೊಬ್ಬೆಯೆದ್ದವು. ಸೀಮೆಎಣ್ಣೆ ಮತ್ತೆ ಸುರಿದು, ಚಹಾ ಕುಡಿದು ಬಂದು ನೋಡಿದೆವು. ಒಂದು ಹನಿಯೂ ಇಳಿದಿರಲಿಲ್ಲ. ಪೇಸ್ಟಿನ ಕಣ ಒಂದು ಉಳಿದರೂ ಸಿಲಿಂಡರಿನ ಒಳಮೈಯನ್ನು ತಿಂದುಹಾಕುತ್ತದೆಂದು ಚಾಚಾ ಹೆಡ್ಡನ್ನು ಪೆಟ್ರೋಲಿನಲ್ಲಿ ಎರಡು ಸಲ ತೊಳೆಸಿದರು.

ಬಿಡಿಭಾಗ ತರಲು ಹೋದಾಗ ಅಂಗಡಿಯವರು ಮೊದಲು ಕೊಟ್ಟದ್ದು ಬೇರೆಯೇ ಟ್ಯಾಪೆಟ್. 2008ರಿಂದ ರಾಯಲ್ ಎನ್‌ಫೀಲ್ಡ್ ತಂದಿದ್ದ ಆಗಿನ ಹೊಸ 350 ಎಂಜಿನ್ನುಗಳಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇರುತ್ತಿತ್ತು. ಅದರ ಹೊಟ್ಟೆಯಲ್ಲಿ ತುಂಬಿಕೊಳ್ಳುವ ಆಯಿಲೇ ಸಂದನ್ನು ತಾನಾಗಿ ತುಂಬಿಕೊಡುವುದರಿಂದ ಯಾರೂ ಬೆರಳಿನಿಂದ ತಿರುಗಿಸಿ ನೋಡಬೇಕಾಗಿಲ್ಲ. ನನ್ನದು ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಎಂಜಿನ್, ಗಟ್ಟಿ ಟ್ಯಾಪೆಟ್ ಎಂದು ವಿವರಿಸಿದ ಮೇಲೆ ಒಳಗಿನಿಂದ ಧೂಳು ಹಿಡಿದ ಡಬ್ಬಿ ಬಂತು. ಕ್ಯಾಮ್ ಬದಲಿಸಿದರೆ ಅದರ ಮೇಲಿನ ಟ್ಯಾಪೆಟ್ಟನ್ನೂ ಬದಲಿಸಲೇಬೇಕು, ಸವೆದ ಪಾದ ಹೊಸ ಕ್ಯಾಮನ್ನೂ ಕೆಡಿಸುತ್ತದೆ. ಕ್ರ್ಯಾಂಕ್‌ಕೇಸಿನಲ್ಲಿ ಬಿಗಿಯಾಗಿ ಕೂತಿರುವ, ಟ್ಯಾಪೆಟ್ ಏರಿಳಿಯುವ ಕೊಳವೆಯಾದ ಟ್ಯಾಪೆಟ್ ಗೈಡಿನ ಕೆಲಸವನ್ನು ಚಾಚಾ ನನ್ನ ಕೈಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ.

ನಾನು ಕೇಳಿ ಪಡೆದದ್ದು ಕ್ಯಾಮ್ ಚಕ್ರಗಳನ್ನು ಹೊಂದಿಸುವ ಕೆಲಸ. ಚಕ್ರಗಳ ಹಲ್ಲಿನ ಮೇಲೆ ಗುರುತುಗಳಿರುತ್ತವೆ. ಅವು ಎದುರುಬದುರಾಗಿ ಕೂತರೆ ವಾಲ್ವ್‌ಗಳು ಪಿಸ್ಟನ್ನಿನೊಂದಿಗೆ ಹೊಂದಿಕೊಂಡು ನಡೆಯುತ್ತವೆ. ಹಳೆಯ ಇನ್ಲೆಟ್ ಚಕ್ರದ ಗುರುತು ಇಪ್ಪತ್ತು ವರ್ಷದ ಆಯಿಲಿನಲ್ಲಿ ಮಾಸಿಹೋಗಿತ್ತು. ಹೊಂದಿಸಿ, ಚಾಚಾ ಹೇಳಿದಂತೆ ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ತಡೆಯಿಲ್ಲವೆಂದು ಖಚಿತಪಡಿಸಿಕೊಂಡು ಕವರ್ ಮುಚ್ಚಿದೆ. ಆಯಿಲ್ ತುಂಬಿ ಕಿಕ್ ಹೊಡೆದೆ. ಕಿಕ್ ಬಹಳ ಹಗುರವಾಗಿ ಇಳಿಯಿತು. ಕಾರ್ಬುರೇಟರಿನ ಬಾಯಿಯಿಂದ ಫಟ್ ಎಂದು ಪೆಟ್ರೋಲಿನ ಆವಿ ಹಿಂದಕ್ಕೆ ಉಗುಳಿತು. ಹದಿನೈದು ಕಿಕ್ಕಿಗೆ ಒಮ್ಮೆ ಎದ್ದು, ಕೆಮ್ಮಿ ನಿಂತಿತು.

ಹೊಸ ವಾಲ್ವ್ ಸೋರುತ್ತಿರಬೇಕೆಂದು ನನ್ನ ಎದೆ ಕುಸಿಯಿತು. ಚಾಚಾ ಕಿಕ್ಕರಿನ ಮೇಲೆ ಒಮ್ಮೆ ಕಾಲಿಟ್ಟು ಒತ್ತಿ, ನನ್ನ ಮುಖ ನೋಡಿ, 'ಇನ್ಲೆಟ್ ಒಂದ್ ಹಲ್ಲು ಹಿಂದೆ ಬಿದ್ದೈತೆ' ಎಂದರು. ಅವರು ಅದನ್ನು ಕವರ್ ತೆಗೆಯದೆ ಹೇಗೆ ಹೇಳಿದರೆಂಬುದು ಲೆಕ್ಕ ಹಾಕಿದರೆ ಸುಲಭ. ಇನ್ಲೆಟ್ ಕ್ಯಾಮ್ ತಡವಾಗಿ ತಿರುಗಿದರೆ ವಾಲ್ವ್ ತಡವಾಗಿ ಮುಚ್ಚುತ್ತದೆ. ಅಷ್ಟರಲ್ಲಿ ಪಿಸ್ಟನ್ ಮೇಲೇರಲು ತೊಡಗಿ ಬಹುದೂರ ಬಂದಿರುವುದರಿಂದ, ಒಳಗೆ ಬಂದ ಮಿಶ್ರಣ ತೆರೆದ ಬಾಗಿಲಿನಿಂದಲೇ ಕಾರ್ಬುರೇಟರಿನ ಕಡೆಗೆ ಹೊರಟುಬಿಡುತ್ತದೆ. ಅದುಮಲು ಏನೂ ಉಳಿಯದೆ ಇರುವುದರಿಂದ ಕಿಕ್ ಹಗುರವಾಗುತ್ತದೆ. ಕವರ್ ಬಿಚ್ಚಿ ನೋಡಿದರೆ ಹಾಗೆಯೇ ಇತ್ತು. ಗುರುತೆಂದು ನಾನು ತಿಳಿದದ್ದು ಹಲ್ಲಿನ ಮೇಲಿನ ಒಂದು ಹಳೆಯ ಕಲೆ. ನಿಜವಾದ ಗುರುತನ್ನು ಪೆಟ್ರೋಲಿನಲ್ಲಿ ಒರೆಸಿ, ಸೀಮೆಸುಣ್ಣದಿಂದ ಬಳಿದು ಮತ್ತೆ ಕೂರಿಸಿದೆವು. ಆಯಿಲ್ ಇಳಿಸಿದ್ದು, ಹೊಸ ಪ್ಯಾಕಿಂಗ್ ಹರಿದದ್ದು ನನ್ನ ಲೆಕ್ಕಕ್ಕೆ.

ಈ ಸಲ ಮೂರನೆಯ ಕಿಕ್ಕಿಗೆ ಎದ್ದಿತು. ಹೊಸ ಕ್ಯಾಮ್ ಮತ್ತು ಹೊಸ ಟ್ಯಾಪೆಟ್ ಒಂದಕ್ಕೊಂದು ಪಳಗುವ ಮೊದಲ ಇಪ್ಪತ್ತು ನಿಮಿಷ ಎಂಜಿನ್ನನ್ನು ಐಡಲಿನಲ್ಲಿ ಬಿಡಬಾರದು. ನಿಧಾನ ಓಟದಲ್ಲಿ ಅವುಗಳ ನಡುವೆ ಆಯಿಲಿನ ಪದರ ಸರಿಯಾಗಿ ಕಟ್ಟುವುದಿಲ್ಲ. ಕ್ಯಾಮಿನ ಮೈಗೆ ಮೊದಲೇ ಕಪ್ಪು ಮಾಲಿಬ್ಡಿನಮ್ ಲೇಪ ಬಳಿದಿದ್ದೆವು. ಗಾಡಿಯ ಮುಂದೆ ಟೇಬಲ್ ಫ್ಯಾನ್ ಇಟ್ಟು, ಎಂಜಿನ್ನಿನ ವೇಗವನ್ನು ಏರಿಸಿ ಇಳಿಸಿ ಇಪ್ಪತ್ತು ನಿಮಿಷ ಓಡಿಸಿದೆವು. ಆಮೇಲೆ ಚಾಚಾ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು ಕೇಳಿದರು, ನನಗೂ ಕೊಟ್ಟರು. ಟಿಕ್, ಟಿಕ್ ಎಂಬ ಸಣ್ಣ ಸದ್ದು ಸಮವಾಗಿ ಕೇಳುತ್ತಿತ್ತು. ಇದನ್ನು ಇನ್ನೂ ಕಡಿಮೆ ಮಾಡಬಹುದೇ ಎಂದು ಕೇಳಲು ಬಾಯಿ ತೆರೆದವನು ಸುಮ್ಮನಾದೆ.

500 ಕಿಲೋಮೀಟರ್ ಆದ ಮೇಲೆ ಆಯಿಲ್ ಇಳಿಸಿ ಬಿಸಿಲಿಗೆ ಹಿಡಿದು ನೋಡಿದೆ. ಮಿನುಗು ಇರಲಿಲ್ಲ. ಹೆಬ್ಬೆರಳಿಟ್ಟು, ಗಾಳಿ ತಳ್ಳುವ ಸುತ್ತನ್ನೇ ಹುಡುಕಿ, ಪುಶ್ ರಾಡ್‌ಗಳನ್ನು ಹಿಡಿದೆ. ಇನ್ಲೆಟ್ ಸರಿಯಾಗಿತ್ತು, ಎಕ್ಸಾಸ್ಟ್ ತುಸುವೇ ಸಡಿಲವಾಗಿತ್ತು. ಹೊಸ ಭಾಗಗಳು ಕೂರುವಾಗ ಅಷ್ಟು ಆಗುತ್ತದೆಯಂತೆ. ಹೊಂದಿಸಿದೆ. ಸಾವಿರಕ್ಕೆ ಮತ್ತೆ ನೋಡಿದಾಗ ಎರಡೂ ಅಲುಗಿರಲಿಲ್ಲ. ಟ್ಯಾಪೆಟ್ ಕವರಿನ ನಟ್ಟನ್ನು ಮಾತ್ರ ನಾನು ಆ ಅವಸರದಲ್ಲಿ ಹೆಚ್ಚು ಬಿಗಿದು ಮುಚ್ಚಳ ಬಾಗಿಸಿದ್ದರಿಂದ, ಗಾಡಿ ನಿಲ್ಲಿಸಿದ ಕಡೆ ಇವತ್ತಿಗೂ ಕಾಸಿನಗಲದ ಆಯಿಲ್ ಕಲೆ ಬೀಳುತ್ತದೆ.